ಕಿಟ್ ಹಂಚಿದರೆ ಸಾಲದು, ಗೋಡೆ ಎಬ್ಬಿಸಬೇಕು

ಮಳೆಗೆ ಮನೆ ಬಿದ್ದಾಗ ನಮ್ಮ ಸಮುದಾಯ ಸುಮ್ಮನೆ ಕೂರುವುದಿಲ್ಲ. ಮಸೀದಿಯಲ್ಲಿ ಚಂದಾ ಎತ್ತುತ್ತೇವೆ, ಅಕ್ಕಿ-ಬೇಳೆಯ ಕಿಟ್ ಕಟ್ಟುತ್ತೇವೆ, ಫೋಟೊವನ್ನೂ ತೆಗೆಯುತ್ತೇವೆ. ಹದಿನೈದು ದಿನಗಳಲ್ಲಿ ಅಕ್ಕಿ ತೀರುತ್ತದೆ, ನಮ್ಮ ಉತ್ಸಾಹವೂ ತೀರುತ್ತದೆ. ಬಿದ್ದ ಗೋಡೆ ಮಾತ್ರ ಬಿದ್ದಲ್ಲೇ ಇರುತ್ತದೆ.

2009ರಲ್ಲಿ, ಮತ್ತೆ 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಕೊಣ್ಣೂರು, ಹೊಳೆಆಲೂರು ಭಾಗದ ಮನೆಗಳಿಗೆ ನುಗ್ಗಿದ್ದನ್ನು ಗದಗ ಜಿಲ್ಲೆ ಮರೆತಿಲ್ಲ. ಕೋಟುಮಚಗಿಯಂತಹ ಎರೆ ಸೀಮೆಯ ಊರುಗಳಿಗೆ ಹೊಳೆಯೇ ಬರಬೇಕೆಂದಿಲ್ಲ. ವಾರಗಟ್ಟಲೆ ಜಡಿಮಳೆ ಹಿಡಿದರೆ ಸಾಕು. ಮಣ್ಣಿನ ಮಾಳಿಗೆ ನೀರು ಕುಡಿದು ಭಾರವಾಗುತ್ತದೆ, ಜಂತಿ ಬಾಗುತ್ತದೆ. ಎರೆ ಮಣ್ಣು ಹಸಿಯಾದಾಗ ಉಬ್ಬಿ, ಒಣಗಿದಾಗ ಬಿರಿದು ಅಡಿಪಾಯವನ್ನೇ ಅಲುಗಿಸುತ್ತದೆ.

ಸರಕಾರ ಕೊಡುತ್ತದಲ್ಲ ಎನ್ನುವವರಿದ್ದಾರೆ. 2019ರಲ್ಲಿ ಪೂರ್ಣ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಣೆಯಾಯಿತು, ನಿಜ. ಆದರೆ ಆ ಹಣ ಕಂತುಗಳಲ್ಲಿ, ಕಟ್ಟಡ ಏರಿದಂತೆ ಬರುವಂಥದ್ದು. ಉತಾರ ಇನ್ನೂ ಅಜ್ಜನ ಹೆಸರಿನಲ್ಲಿರುವ, ಕಾಗದಪತ್ರ ನೀರುಪಾಲಾದ ವಿಧವೆ ಮೊದಲ ಕಂತಿನವರೆಗೆ ತಲುಪುವುದು ಹೇಗೆ? ಅವಳು ಬಡ್ಡಿಯ ಸಾಲಕ್ಕೆ ಕೈಯೊಡ್ಡುತ್ತಾಳೆ. ಬಡ್ಡಿ ಹರಾಮ್ ಎಂದು ಮಿಂಬರಿನಿಂದ ಬೋಧಿಸುವ ನಾವು ಅವಳಿಗೆ ಬೇರೆ ಯಾವ ದಾರಿಯನ್ನು ಉಳಿಸಿದ್ದೇವೆ? ಝಕಾತಿನ ಎಂಟು ಹಕ್ಕುದಾರರಲ್ಲಿ ಸಾಲದಲ್ಲಿ ಮುಳುಗಿದವರೂ ಇದ್ದಾರೆಂಬುದು ನಮಗೆ ತಿಳಿಯದ ವಿಷಯವೇನಲ್ಲ.

ಇನ್ನು ಕೆಲವರು, ಇದು ಅಲ್ಲಾಹನ ವಿಧಿ, ಸಹನೆ ವಹಿಸಿ ಎಂದು ಉಪದೇಶಿಸುತ್ತಾರೆ. ಸಹನೆಯು ನೊಂದವನ ಶ್ರೇಷ್ಠ ಗುಣ. ಸೋರದ ಸೂರಿನಡಿ ಮಲಗಿದವನು ಅದನ್ನು ಇನ್ನೊಬ್ಬರಿಗೆ ಹಂಚಿ ಕೈತೊಳೆದುಕೊಳ್ಳುವಂತಿಲ್ಲ.

ನಾವು ಶುಕ್ರವಾರಗಳಂದು ಪಠಿಸುವ ಅಲ್ ಕಹ್ಫ್ ಅಧ್ಯಾಯವನ್ನು ಅರ್ಥವರಿತು ಓದೋಣ. ಪ್ರವಾದಿ ಮೂಸಾ(ಅ) ಮತ್ತು ಅವರ ಸಂಗಡಿಗರು ಹಸಿದು ಒಂದು ಊರಿಗೆ ಬಂದರು. ಊರವರು ಅನ್ನ ಕೊಡಲಿಲ್ಲ. ಆದರೂ ಆ ಸಂಗಡಿಗರು ಅಲ್ಲಿ ಬೀಳಲಿದ್ದ ಗೋಡೆಯೊಂದನ್ನು ಕೂಲಿ ಕೇಳದೆ ನಿಲ್ಲಿಸಿದರು. ಅದು ಇಬ್ಬರು ಅನಾಥ ಬಾಲಕರ ಗೋಡೆಯಾಗಿತ್ತು. ತಮಗೆ ಅನ್ನ ನಿರಾಕರಿಸಿದ ಊರಿನಲ್ಲೇ ಅವರು ಗೋಡೆ ಕಟ್ಟಿದರೆಂದ ಮೇಲೆ, ನೆರೆಮನೆಯವನ ಧರ್ಮ ಯಾವುದೆಂದು ವಿಚಾರಿಸುವ ಅಧಿಕಾರ ನಮಗೆಲ್ಲಿಂದ ಬಂತು?

ಪ್ರತಿಯೊಂದು ಜಮಾಅತ್ ಮುಂಗಾರಿಗೆ ಮೊದಲೇ ಮೂವರನ್ನು ನೇಮಿಸಲಿ: ಗೋಡೆ, ಮಾಳಿಗೆಗಳನ್ನು ಪರೀಕ್ಷಿಸಬಲ್ಲ ಒಬ್ಬ ಗೌಂಡಿ, ಕಾಗದಪತ್ರ ಸರಿಪಡಿಸಿಕೊಡುವ ಒಬ್ಬ ವಿದ್ಯಾವಂತ, ಲೆಕ್ಕವಿಡುವ ಒಬ್ಬ ವಿಶ್ವಾಸಸ್ಥ. ಕಿಟ್‌ಗೆ ಎತ್ತುವ ಚಂದಾದಲ್ಲಿ ಅರ್ಧ ಭಾಗ ಇಟ್ಟಿಗೆ, ಸಿಮೆಂಟಿಗೆ ಮೀಸಲಾಗಲಿ. ಯುವಕರು ವಾರಕ್ಕೊಂದು ದಿನ ಬುಟ್ಟಿ ಹೊರಲಿ. ಕಿಟ್‌ನ ಜೊತೆ ತೆಗೆದ ಫೋಟೊ ನಮ್ಮ ಮೊಬೈಲಿನಲ್ಲಿ ಉಳಿಯುತ್ತದೆ. ಅನಾಥರ ತಲೆಯ ಮೇಲೆ ಉಳಿಯಬೇಕಾದದ್ದು ಸೂರು.