ಕೀಲಿಮಣೆಯ ಮೌನ

ಕೆಲವು ವಿದ್ಯಾಸಂಸ್ಥೆಗಳ ಗಣಕ ಕೊಠಡಿಗಳಲ್ಲಿ ಹಾರ್ಡ್ ಡಿಸ್ಕೇ ಇಲ್ಲದ ಯಂತ್ರಗಳುಂಟು. ಗುಂಡಿಯೊತ್ತಿದೊಡನೆ ಅವು ಜಾಲದ ತಂತಿಯ ಮೂಲಕ ಸರ್ವರನ್ನು ಕರೆದು, ಕಾರ್ಯವ್ಯವಸ್ಥೆಯನ್ನು ಅಲ್ಲಿಂದಲೇ ತರಿಸಿಕೊಳ್ಳುತ್ತವೆ. 1999ರಲ್ಲಿ ಮೊದಲಾದ ಲಿನಕ್ಸ್ ಟರ್ಮಿನಲ್ ಸರ್ವರ್ ಪ್ರಾಜೆಕ್ಟ್ ಈ ಬಗೆಯದು. ಹಳೆಯ ಯಂತ್ರಗಳನ್ನೇ ದುಡಿಸಿಕೊಳ್ಳುವ ಈ ಏರ್ಪಾಡು ಬಡ ಸಂಸ್ಥೆಗಳಿಗೆ ವರವೇ ಸರಿ. ಆದರೆ ಪರೀಕ್ಷೆಯ ಬೆಳಿಗ್ಗೆ ಕೀಲಿಮಣೆ ಮೌನ ತಾಳಿದರೆ ವಿದ್ಯಾರ್ಥಿಯ ಪಾಡೇನು? ಚೆನ್ನಾಗಿರುವ ಕೀಲಿಮಣೆಯನ್ನೆಸೆದು ಹೊಸದನ್ನು ಕೊಳ್ಳುವ ದುಂದು ಬೇರೆ.

ಮೊದಲು ವಿಚಾರಿಸಬೇಕಾದುದು, ದೋಷ ಒಂದೇ ಯಂತ್ರದಲ್ಲೋ ಎಲ್ಲದರಲ್ಲೋ ಎಂಬುದು. ಎಲ್ಲವೂ ಒಟ್ಟಿಗೆ ಮುಷ್ಕರ ಹೂಡಿದ್ದರೆ ಸರ್ವರಿನ ಕಡೆಗೇ ನೋಡಬೇಕು. ಒಂದೇ ಆದರೆ ಕ್ಯಾಪ್ಸ್ ಲಾಕ್ ಒತ್ತಿ ನೋಡುವುದು ಲೇಸು. ಆ ಪುಟ್ಟ ದೀಪವನ್ನು ಬೆಳಗಿಸುವುದು ಕೀಲಿಮಣೆಯಲ್ಲ, ಗಣಕದ ಅಪ್ಪಣೆ. ದೀಪ ಹತ್ತಿದರೆ ಒತ್ತಿದ್ದು ಗಣಕಕ್ಕೆ ಕೇಳಿಸಿತೆಂದೇ ಅರ್ಥ.

ಯಂತ್ರ ಏಳುವಷ್ಟರಲ್ಲಿ ಕೀಲಿಮಣೆಗೆ ಮೂವರು ಒಡೆಯರು: ಬಯಾಸ್, ಕರ್ನಲ್, ಡೆಸ್ಕ್‌ಟಾಪ್. ಆರಂಭದ ಪಟ್ಟಿಯಲ್ಲೇ ಬಾಣದ ಕೀಲಿ ಸ್ಪಂದಿಸದಿದ್ದರೆ, ಬಯಾಸಿನಲ್ಲಿ ಯುಎಸ್‌ಬಿ ಲೆಗಸಿ ಸಪೋರ್ಟ್ ಎಂಬುದು ಮುಚ್ಚಿರಬಹುದು. ಕೀಲಿಮಣೆಯಿಲ್ಲದೆ ಬಯಾಸಿನೊಳಗೆ ಹೋಗುವುದೆಂತು? ಗುಂಡುಮೂತಿಯ ಹಳೆಯ ಪಿಎಸ್/2 ಕೀಲಿಮಣೆಯೊಂದನ್ನು ಬೀರುವಿನಲ್ಲಿ ಉಳಿಸಿಕೊಂಡವರು ಜಾಣರು. ಅದಕ್ಕೊಪ್ಪುವ ಕಿಂಡಿ ಹಳೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ.

ಪಟ್ಟಿಯಲ್ಲಿ ಸೊಗಸಾಗಿ ನಡೆದ ಕೀಲಿಮಣೆ ಕರ್ನಲ್ ಬಂದೊಡನೆ ಸ್ತಬ್ಧವಾಗುವುದೇ ಹೆಚ್ಚು ತಲೆನೋವಿನ ಸಂಗತಿ. ಬಯಾಸ್ ಕೈಬಿಟ್ಟಿದೆ, ಕರ್ನಲ್ ಇನ್ನೂ ಕೈಹಿಡಿದಿಲ್ಲ. ಕರ್ನಲ್ಲಿನೊಡನೆ ಬರುವ ಇನಿಟ್‌ರಾಮ್‌ಎಫ್‌ಎಸ್ ಎಂಬ ಗಂಟಿನಲ್ಲಿ ಯುಎಸ್‌ಬಿ ಕೀಲಿಮಣೆಯ ಡ್ರೈವರ್ ಇಲ್ಲದಿರಬಹುದು. ಅಷ್ಟರಲ್ಲಿ ಜಾಲವೂ ಕೈಕೊಟ್ಟರೆ, ಆಜ್ಞೆಯನ್ನು ಬೇಡುವ ಕಪ್ಪು ಪರದೆ ಮೂಡುತ್ತದೆ, ಟೈಪು ಮಾಡಲು ಮಾತ್ರ ದಾರಿಯಿಲ್ಲ! ಡೆಬಿಯನ್‌ನಲ್ಲಿ ಈ ಗಂಟು ಕಟ್ಟುವ ಕಡತದಲ್ಲಿ ಮಾಡ್ಯೂಲ್ಸ್ ಎಂಬುದರ ಮುಂದೆ ‘ಡೆಪ್’ ಎಂದಿದ್ದರೆ, ಕಟ್ಟಿದ ಯಂತ್ರಕ್ಕೆ ಬೇಕಾದಷ್ಟನ್ನೇ ತುಂಬಲಾಗುತ್ತದೆ. ಪರರ ಯಂತ್ರದ ಹಂಗು ಅದಕ್ಕಿಲ್ಲ. ಅದನ್ನು ‘ಮೋಸ್ಟ್’ ಅಥವಾ ‘ನೆಟ್‌ಬೂಟ್’ ಎಂದು ತಿದ್ದಿ, ಗಂಟನ್ನು ಮತ್ತೆ ಕಟ್ಟಿ ಸರ್ವರಿನಲ್ಲಿಡಬೇಕು.

ಅಕ್ಷರಗಳು ಮೂಡಿಯೂ ತಪ್ಪಾಗಿದ್ದರೆ ಅದು ಮೂರನೆಯ ಒಡೆಯನ ವಿಚಾರ. ಕನ್ನಡದ ಕಗಪ ವಿನ್ಯಾಸವನ್ನು ಇಂದು ಯಂತ್ರದ ವ್ಯವಸ್ಥೆಯಲ್ಲಿ ಹೊಂದಿಸಿಟ್ಟರೆ ನಾಳೆ ಮತ್ತೆ ಇಂಗ್ಲಿಷೇ ಮೂಡೀತು. ಡಿಸ್ಕಿಲ್ಲದ ಯಂತ್ರದಲ್ಲಿ ಮಾಡಿದ ಆ ಬದಲಾವಣೆ ಮೆಮೊರಿಯಲ್ಲಷ್ಟೇ ಇದ್ದು, ಯಂತ್ರವನ್ನು ಆರಿಸಿದೊಡನೆ ಅಳಿಸಿಹೋಗುತ್ತದೆ. ವಿದ್ಯಾರ್ಥಿಯನ್ನು ಗದರಿ ಫಲವಿಲ್ಲ. ಸರ್ವರಿನಲ್ಲಿರುವ ಮೂಲಪ್ರತಿಯಲ್ಲೇ ಕನ್ನಡವನ್ನು ಸೇರಿಸಿಟ್ಟರೆ ಮರುದಿನ ಕೊಠಡಿಯ ಅಷ್ಟೂ ಯಂತ್ರಗಳಲ್ಲಿ ಅದು ಸಿದ್ಧವಾಗಿರುತ್ತದೆ.