ಒಣ ಕಣಿವೆಯಲ್ಲಿ ನೀರಿನ ಭಯ



ಮರುಭೂಮಿಗೆ ಹೊರಟವರು ಕುಡಿಯುವ ನೀರನ್ನೂ ತಲೆಗೆ ಟೊಪ್ಪಿಗೆಯನ್ನೂ ಮರೆಯುವುದಿಲ್ಲ. ಆದರೆ ಅಲ್ಲಿನ ಕಮರಿಗಳಲ್ಲಿ ನೀರು ನುಗ್ಗಿ ಜೀವ ಹೋಗುವುದೂ ಉಂಟೆಂದರೆ ಬಹಳ ಮಂದಿ ನಂಬುವುದಿಲ್ಲ. ಜೋರ್ಡಾನ್ ದೇಶದ ಪೆಟ್ರಾ ನೋಡಬೇಕೆನ್ನುವವರಿಗಾಗಿ ಈ ಸಲ ಆ ವಿಷಯ.

ಎರಡು ಸಾವಿರ ವರ್ಷಗಳ ಹಿಂದೆ ನಬಾತಿಯನ್ನರೆಂಬ ವ್ಯಾಪಾರಿ ಜನ ಬಂಡೆಗಳಲ್ಲಿ ಕೊರೆದ ನಗರವಿದು. ಒಳಹೋಗುವ ದಾರಿಗೆ ಸಿಕ್ ಎಂದು ಹೆಸರು. ಬೆಟ್ಟವೇ ಸೀಳಿ ಆದ ಓಣಿ, ಸುಮಾರು 1.2 ಕಿ.ಮೀ. ಉದ್ದ, ಕೆಲವೆಡೆ ಮೂರು ಮೀಟರಿನಷ್ಟೇ ಅಗಲ. ಕತ್ತೆತ್ತಿದರೆ ಕೆಂಪು ಗೋಡೆಗಳ ನಡುವೆ ಆಕಾಶ ಒಂದು ನೀಲಿ ಪಟ್ಟಿ. ಓಣಿ ಮುಗಿಯುವಲ್ಲಿ ಥಟ್ಟನೆ ಎದುರಾಗುವುದು ಖಜ್ನೆ. ನಮ್ಮ ಖಜಾನೆ ಎಂಬ ಮಾತೇ ಅದು; ಆದರೆ ಅದು ಹಣದ ಮನೆಯಲ್ಲ, ಸಮಾಧಿ ಎಂದು ವಿದ್ವಾಂಸರ ಮತ. ಎಲ್ಲರೂ ಅತ್ತ ಧಾವಿಸುತ್ತಾರೆ. ನೀವು ಮಾತ್ರ ಗೋಡೆಯ ಬದಿಗಳನ್ನು ನೋಡುತ್ತ ನಿಧಾನವಾಗಿ ನಡೆಯಿರಿ. ಒಂದು ಕಡೆ ಬಂಡೆಯಲ್ಲಿ ಕೊರೆದ ಕಾಲುವೆ, ಇನ್ನೊಂದು ಕಡೆ ಸುಟ್ಟ ಮಣ್ಣಿನ ಕೊಳವೆ ಕೂರಿಸಿದ ಗುರುತು. ಊರಿಗೆ ಕುಡಿಯುವ ನೀರು ಹೀಗೆ ಬರುತ್ತಿತ್ತು.

ನೀರು ತರುವುದಷ್ಟೇ ಅಲ್ಲ, ತಡೆಯುವುದೂ ಆ ಜನಕ್ಕೆ ಗೊತ್ತಿತ್ತು. ಓಣಿಯ ಬಾಯಲ್ಲಿ ಒಡ್ಡು ಕಟ್ಟಿ, ಪಕ್ಕದ ಬಂಡೆಯಲ್ಲಿ 90 ಮೀಟರಿನಷ್ಟು ಸುರಂಗ ಕೊರೆದು, ಪ್ರವಾಹವನ್ನು ಬೇರೆ ದಾರಿಗೆ ತಿರುಗಿಸಿದ್ದರು. ಕಾಲಾಂತರದಲ್ಲಿ ಒಡ್ಡು ಹಾಳಾಯಿತು. 1963ರ ಏಪ್ರಿಲಿನಲ್ಲಿ ನೀರು ಓಣಿಗೆ ನುಗ್ಗಿ, ಫ್ರಾನ್ಸಿನಿಂದ ಬಂದ 20ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಮರುವರ್ಷ ಒಡ್ಡನ್ನು ಮತ್ತೆ ಕಟ್ಟಿದರು. ಅಷ್ಟಾಗಿಯೂ 2018ರ ನವೆಂಬರಿನಲ್ಲಿ ಪ್ರವಾಹ ಬಂದು ಸಾವಿರಾರು ಪ್ರವಾಸಿಗರನ್ನು ಪೆಟ್ರಾದಿಂದ ಹೊರಗೆ ಸಾಗಿಸಬೇಕಾಯಿತು.

ರಾಯದುರ್ಗ, ಜತ್ತದ ಕಡೆಯ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇಲೆಲ್ಲೋ ಮಳೆ, ಇಲ್ಲಿ ಬಿಸಿಲು, ಅಷ್ಟರಲ್ಲಿ 'ಹಳ್ಳ ಬಂತು!' ಎಂಬ ಕೂಗು. ಅಮೆರಿಕದ ಅರಿಜೋನಾದಲ್ಲಿರುವ ಆಂಟಿಲೋಪ್ ಕಮರಿಯಲ್ಲಿ 1997ರ ಆಗಸ್ಟ್ 12ರಂದು ಹೀಗೆಯೇ ಆಯಿತು. ಮೈಲಿಗಳಾಚೆ ಸುರಿದ ಮಳೆಗೆ 11 ಪ್ರವಾಸಿಗರು ಬಲಿಯಾದರು. ಬರಿ ಬಂಡೆಯ ನೆಲದಲ್ಲಿ ನೀರು ಇಂಗುವುದಿಲ್ಲ. ಕಿರಿದಾದ ಕಮರಿಯಲ್ಲಿ ಪಕ್ಕಕ್ಕೆ ಸರಿಯಲು ಎಡೆಯೂ ಇಲ್ಲ.

ಆದ್ದರಿಂದ ಮಕ್ಕಳನ್ನೂ ವಯಸ್ಸಾದವರನ್ನೂ ಕರೆದೊಯ್ಯುವವರು ತಲೆಯ ಮೇಲಿನ ಆಕಾಶವನ್ನು ಮಾತ್ರ ನಂಬಬಾರದು. ಕಣಿವೆಯ ಮೇಲ್ಗಡೆ ಮಳೆಯುಂಟೇ ಎಂದು ಬೆಳಿಗ್ಗೆಯೇ ಸ್ಥಳೀಯರಲ್ಲಿ ವಿಚಾರಿಸಿ. ಕಾವಲಿನವರು ಹೊರಡಿ ಎಂದರೆ ಟಿಕೇಟಿನ ಹಣ ಹೋಯಿತೆಂದು ವಾದಕ್ಕೆ ನಿಲ್ಲಬೇಡಿ. (ನಮ್ಮವರಿಗೆ ಆ ಚಟ ಸ್ವಲ್ಪ ಹೆಚ್ಚು!) ನೀರು ಬರುವ ಸೂಚನೆ ಕಂಡರೆ ಸಾಮಾನು ಬಿಟ್ಟು ಎತ್ತರಕ್ಕೆ ಹತ್ತಿ.

ಸಿಕ್ಕಿನೊಳಗೆ ಕಾಲಿಡುವ ಮುನ್ನ ಬಲಗಡೆ ಆ ಹಳೆಯ ಸುರಂಗದ ಬಾಯಿ ಕಾಣುತ್ತದೆ. ಐದು ನಿಮಿಷ ಅಲ್ಲಿ ನಿಂತು ನೋಡಿ.