ಬಾಗಿಲೇ ಇಲ್ಲದ ಮನೆಗೆ ಕಳ್ಳ ಹೇಗೆ ಬಂದಾನು?

ವೈರಸ್ಸಿಗೆ ಕೈಕಾಲಿಲ್ಲ, ಬಾಯಿಲ್ಲ. ಜೀವಕೋಶದ ಹೊರಗಿರುವಷ್ಟು ಹೊತ್ತು ಅದು ಧೂಳಿನ ಕಣದಂತೆ ಸುಮ್ಮನೆ ಬಿದ್ದಿರುತ್ತದೆ. ಒಳಹೊಕ್ಕರಷ್ಟೇ ಅದರ ಸಂತಾನ ಬೆಳೆಯುತ್ತದೆ. ಆದರೆ ಕೋಶದ ಸುತ್ತ ಕೊಬ್ಬಿನ ಪೊರೆಯ ಕಾವಲಿದೆಯಲ್ಲ, ಅದನ್ನು ದಾಟುವುದು ಹೇಗೆ?

ಪೊರೆಯ ಮೇಲೆ ಬಗೆಬಗೆಯ ಪ್ರೋಟೀನುಗಳು ತಲೆ ಎತ್ತಿಕೊಂಡಿರುತ್ತವೆ. ಹೊರಗಿನ ಸುದ್ದಿ ತಿಳಿಯಲು, ನೆರೆಯ ಕೋಶವನ್ನು ಗುರುತಿಸಲು ಅವು ಕೋಶಕ್ಕೆ ಬೇಕು. ವೈರಸ್ಸಿನ ಮೈಮೇಲಿನ ಪ್ರೋಟೀನು ಇವುಗಳಲ್ಲಿ ಒಂದಕ್ಕೆ, ಬೀಗಕ್ಕೆ ಕೀಲಿಕೈ ಹೊಂದಿದಂತೆ, ಹೊಂದಿಕೊಂಡರೆ ದಾರಿ ಸಿಕ್ಕಿತು.

ಏಡ್ಸ್ ತರುವ ಎಚ್‌ಐವಿಯನ್ನೇ ನೋಡಿ. ಅದು ಹಿಡಿಯುವುದು ದೇಹದ ರಕ್ಷಣೆಗೆ ನಿಂತ ಬಿಳಿ ರಕ್ತಕಣಗಳನ್ನು. ಅವುಗಳ ಮೇಲಿನ ಸಿಡಿ4 ಎಂಬ ಪ್ರೋಟೀನೇ ಇದರ ಬಾಗಿಲೆಂದು 1984ರಲ್ಲಿ ಗೊತ್ತಾಯಿತು. ಆದರೆ ಮನುಷ್ಯರ ಸಿಡಿ4 ಅನ್ನು ಇಲಿಯ ಕೋಶದ ಮೇಲೆ ಮೂಡಿಸಿದಾಗ ವೈರಸ್ ಅಂಟಿಕೊಂಡಿತೇ ಹೊರತು ಒಳಗೆ ಹೋಗಲಿಲ್ಲ! ಬಾಗಿಲಿಗೆ ಇನ್ನೊಂದು ಚಿಲಕವಿತ್ತು. ಅದು ಸಿಸಿಆರ್5 ಎಂಬ ಪ್ರೋಟೀನೆಂದು ತಿಳಿಯಲು 1996ರವರೆಗೆ ಕಾಯಬೇಕಾಯಿತು. ಕೆಲವು ತಳಿಗಳು ಇದರ ಬದಲು ಸಿಎಕ್ಸ್‌ಸಿಆರ್4 ಎಂಬುದನ್ನು ಬಳಸುತ್ತವೆ.

ಕ್ರಮ ಹೀಗಿದೆ. ವೈರಸ್ಸಿನ ಪ್ರೋಟೀನು ಮೊದಲು ಸಿಡಿ4 ಅನ್ನು ಹಿಡಿಯುತ್ತದೆ. ಹಿಡಿದೊಡನೆ ಅದರ ಆಕಾರ ಬದಲಾಗಿ, ಅಡಗಿದ್ದ ಭಾಗ ಹೊರಬಂದು ಸಿಸಿಆರ್5ಗೆ ತಗಲಿಕೊಳ್ಳುತ್ತದೆ. ಆಗ ಇನ್ನೊಂದು ಪ್ರೋಟೀನು ಗಾಳದಂತೆ ಕೋಶದ ಪೊರೆಗೆ ಚುಚ್ಚಿಕೊಂಡು, ಮಡಚಿ, ಎರಡೂ ಪೊರೆಗಳನ್ನು ಹತ್ತಿರಕ್ಕೆಳೆಯುತ್ತದೆ. ಎರಡು ಎಣ್ಣೆಹನಿ ಒಂದಾದಂತೆ ಪೊರೆಗಳು ಬೆರೆಯುತ್ತವೆ. ವೈರಸ್ಸಿನ ಸರಕು ಒಳಗೆ ಸೇರುತ್ತದೆ. ವೈರಸ್ಸಿನ ಪೊರೆಯಾದರೂ ಹಿಂದಿನ ಕೋಶದಿಂದ ಕದ್ದು ತಂದದ್ದೇ! ಕೈ ಕುಲುಕಿದರೆ ಏಡ್ಸ್ ಅಂಟುತ್ತದೆಂದು ಹೆದರುವವರು ಒಂದು ಮಾತು ಗಮನಿಸಬೇಕು: ಚರ್ಮದ ಹೊರಪದರ ಸತ್ತ ಕೋಶಗಳದ್ದು, ಅಲ್ಲಿ ತೆರೆಯಲು ಬಾಗಿಲೇ ಇಲ್ಲ.

ಕೆಲವರಿಗೆ ಹುಟ್ಟಿನಿಂದಲೇ ಈ ಚಿಲಕವಿರುವುದಿಲ್ಲ. ಸಿಸಿಆರ್5 ಜೀನಿನಲ್ಲಿ 32 ಅಕ್ಷರಗಳು ಬಿಟ್ಟುಹೋಗಿರುತ್ತವೆ. ತಂದೆ ತಾಯಿ ಇಬ್ಬರಿಂದಲೂ ಇಂಥ ಜೀನು ಬಂದಿದ್ದರೆ ಪ್ರೋಟೀನು ಪೊರೆಯ ಮೇಲೆ ಕಾಣಿಸಿಕೊಳ್ಳುವುದೇ ಇಲ್ಲ. ಉತ್ತರ ಯೂರೋಪಿನಲ್ಲಿ ಸುಮಾರು 100ಕ್ಕೆ ಒಬ್ಬರು ಹೀಗಿದ್ದಾರೆ. ಭಾರತದಲ್ಲಿ ತೀರಾ ಅಪರೂಪ. ಇದು ಬರೀ ಲಾಭವೂ ಅಲ್ಲ. ಇಂಥವರಿಗೆ ಸೊಳ್ಳೆಯಿಂದ ಹರಡುವ ವೆಸ್ಟ್ ನೈಲ್ ವೈರಸ್ ತಗುಲಿದರೆ ಕಾಯಿಲೆ ಉಲ್ಬಣಿಸುವ ಸಂಭವ ಹೆಚ್ಚು.

ಬರ್ಲಿನ್‌ನಲ್ಲಿ ನೆಲೆಸಿದ್ದ ಅಮೆರಿಕದ ತಿಮೋತಿ ರೇ ಬ್ರೌನ್ ಎಚ್‌ಐವಿ ಸೋಂಕಿತರು. 2006ರಲ್ಲಿ ಅವರಿಗೆ ರಕ್ತದ ಕ್ಯಾನ್ಸರ್ ಕೂಡ ಬಂತು. ರಕ್ತ ಹುಟ್ಟಿಸುವ ಕೋಶಗಳನ್ನು ಬೇರೊಬ್ಬರಿಂದ ಪಡೆಯಲೇಬೇಕಿತ್ತು. ಹೇಗೂ ದಾನಿ ಬೇಕಷ್ಟೆ, ಸಿಸಿಆರ್5 ಇಲ್ಲದವರನ್ನೇ ಏಕೆ ಹುಡುಕಬಾರದು ಎಂದು ವೈದ್ಯ ಗೆರೋ ಹ್ಯೂಟರ್ ಯೋಚಿಸಿದರು. ಅಂಥ ದಾನಿ ಸಿಕ್ಕರು. 2007ರಲ್ಲಿ ಕಸಿ ನಡೆಯಿತು, ಎಚ್‌ಐವಿ ಔಷಧಿ ನಿಂತಿತು. ಕ್ಯಾನ್ಸರ್ ಮರುಕಳಿಸಿದ್ದರಿಂದ 2008ರಲ್ಲಿ ಅದೇ ದಾನಿಯಿಂದ ಮತ್ತೊಮ್ಮೆ ಕಸಿ ಮಾಡಬೇಕಾಯಿತು. ಎಚ್‌ಐವಿ ಮಾತ್ರ ಮರಳಲಿಲ್ಲ. 2020ರಲ್ಲಿ ಬ್ರೌನ್ ತೀರಿಕೊಂಡದ್ದೂ ಕ್ಯಾನ್ಸರಿನಿಂದಲೇ.

ಇಂಥ ಕಸಿ ಪ್ರಾಣಾಪಾಯದ ಚಿಕಿತ್ಸೆ. ಕ್ಯಾನ್ಸರ್ ಇಲ್ಲದವರಿಗೆ ಅದನ್ನು ಮಾಡಲಾಗದು. ಸಿಸಿಆರ್5 ಅನ್ನು ಮುಚ್ಚಿಡುವ ಮರಾವಿರಾಕ್ ಎಂಬ ಮಾತ್ರೆಗೆ 2007ರಲ್ಲಿ ಒಪ್ಪಿಗೆ ಸಿಕ್ಕಿತು. ಅದನ್ನು ಕೊಡುವ ಮೊದಲು ರೋಗಿಯ ರಕ್ತದಲ್ಲಿರುವ ವೈರಸ್ ಯಾವ ಚಿಲಕ ತೆರೆಯುವ ಜಾತಿಯದೆಂದು ಪರೀಕ್ಷಿಸುತ್ತಾರೆ. ಸಿಎಕ್ಸ್‌ಸಿಆರ್4 ಬಳಸುವ ವೈರಸ್ಸಿಗೆ ಈ ಮಾತ್ರೆ ನಾಟುವುದಿಲ್ಲ.